ಚಹಾದ ಬಟ್ಟಲು, ಬಣ್ಣವಿಲ್ಲದ ಬಟ್ಟೆ: ವಸಾಹತು ಅಮೆರಿಕದ ಇಬ್ಬರು ಕ್ವೇಕರರು

1742ರಲ್ಲಿ ಫಿಲಡೆಲ್ಫಿಯಾ ನಗರದ ಮಾರುಕಟ್ಟೆಯ ನಡುವೆ ಒಬ್ಬ ವೃದ್ಧ ಬಂದು ನಿಂತ. ಎತ್ತರ ನಾಲ್ಕು ಅಡಿಗಿಂತ ಕೊಂಚ ಹೆಚ್ಚು; ಬೆನ್ನು ಗೂನು; ಎದೆಯವರೆಗೆ ಇಳಿದ ಬಿಳಿಯ ಗಡ್ಡ; ತಾನೇ ನೂತ ನೂಲಿನ ಒರಟು ಉಡುಪು. ಏಳು ವರ್ಷಗಳ ಹಿಂದೆ ತೀರಿಹೋದ ಹೆಂಡತಿಯ ಪಿಂಗಾಣಿ ಬಟ್ಟಲುಗಳನ್ನು ಎದುರಿಗೆ ಹರಡಿಕೊಂಡು ಸುತ್ತಿಗೆಯಿಂದ ಒಂದೊಂದಾಗಿ ಒಡೆಯತೊಡಗಿದ. ಜನ ಕೂಡಿದರು. ಚಹಾ ಕುಡಿಯುವುದರ, ಅದಕ್ಕೆ ಸಕ್ಕರೆ ಬೆರೆಸುವುದರ ಪಾಪವನ್ನು ಆತ ವಿವರಿಸುತ್ತಿದ್ದರೂ ಆ ಮಾತು ಕೂಡಿದವರಿಗೆ ಬೇಕಿರಲಿಲ್ಲ. ಬೆಲೆಬಾಳುವ ಬಟ್ಟಲುಗಳು ಕಣ್ಣೆದುರಿಗೆ ಹಾಳಾಗುತ್ತಿವೆಯೆಂಬ ಸಂಕಟವೇ ಅವರಿಗೆ ಹೆಚ್ಚಾಗಿತ್ತು. ಕೊನೆಗೆ ಆತನನ್ನು ಎತ್ತಿ ಪಕ್ಕಕ್ಕೆ ಒಯ್ದರು. ಒಡೆಯದೆ ಉಳಿದ ಬಟ್ಟಲುಗಳನ್ನು ತಮ್ಮ ತಮ್ಮ ಮನೆಗೆ ಒಯ್ದರು.

ಆ ವೃದ್ಧನ ಹೆಸರು ಬೆಂಜಮಿನ್ ಲೇ. ಅಮೆರಿಕದ ವಸಾಹತು ಕಾಲದ ಇತಿಹಾಸವನ್ನು ಓದುವವರಿಗೆ ಬೆಂಜಮಿನ್ ಫ್ರಾಂಕ್ಲಿನ್ ಪರಿಚಿತ, ಜಾರ್ಜ್ ವಾಷಿಂಗ್ಟನ್ ಪರಿಚಿತ. ಲೇಯ ಹೆಸರು ಬಹುಕಾಲ ಅಡಿಟಿಪ್ಪಣಿಗಳಲ್ಲಿ, ಅದೂ ಒಬ್ಬ ವಿಚಿತ್ರ ಮನುಷ್ಯನೆಂಬ ವಿಶೇಷಣದೊಡನೆ ಮಾತ್ರ ಕಾಣಿಸಿಕೊಳ್ಳುತ್ತಿತ್ತು. ಆದರೆ ಆ ಕಾಲದ ದಿನಬಳಕೆಯ ಬದುಕನ್ನು ಬಗೆದು ನೋಡಬೇಕೆನ್ನುವವರಿಗೆ ಆತನ ಸುತ್ತಿಗೆಯಷ್ಟು ಒಳ್ಳೆಯ ಸಾಧನ ಬೇರೆ ಸಿಗಲಾರದು.

ಒಂದು ಬಟ್ಟಲು ಚಹಾದಲ್ಲಿ ಇದ್ದುದೇನು? ಚೀನಾದಿಂದ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಲಂಡನ್ನಿಗೆ ಬಂದು ಅಲ್ಲಿಂದ ಅಟ್ಲಾಂಟಿಕ್ ದಾಟಿದ ಎಲೆ. ಬಾರ್ಬಡೋಸ್, ಜಮೈಕಾ ಮೊದಲಾದ ದ್ವೀಪಗಳ ತೋಟಗಳಲ್ಲಿ ಆಫ್ರಿಕದಿಂದ ಹಿಡಿದು ತಂದ ಗುಲಾಮರು ಕಬ್ಬು ಕಡಿದು, ಗಾಣಕ್ಕೆ ಕೊಟ್ಟು, ಕೊಪ್ಪರಿಗೆಯಲ್ಲಿ ಕಾಯಿಸಿದ ಸಕ್ಕರೆ. ಫಿಲಡೆಲ್ಫಿಯಾದ ವರ್ತಕರು ಪೆನ್ಸಿಲ್ವೇನಿಯದ ಗೋಧಿಹಿಟ್ಟನ್ನೂ ಮರವನ್ನೂ ಆ ದ್ವೀಪಗಳಿಗೆ ಕಳುಹಿಸಿ ಸಕ್ಕರೆ, ಕಾಕಂಬಿ, ರಮ್ಮನ್ನು ತರಿಸುತ್ತಿದ್ದರು. ದ್ವೀಪಗಳ ಭೂಮಿಯೆಲ್ಲ ಕಬ್ಬಿಗೇ ಮೀಸಲಾದುದರಿಂದ ಅಲ್ಲಿಯ ಗುಲಾಮರ ಹೊಟ್ಟೆಗೆ ಹಾಕುವ ಧಾನ್ಯವೂ ಹೊರಗಿನಿಂದಲೇ ಬರಬೇಕಿತ್ತು. ಹೀಗಾಗಿ ಡೆಲವೇರ್ ನದಿಯ ದಡದಲ್ಲಿ ಗೋಧಿ ಬೆಳೆದು ತನ್ನ ಪಾಡಿಗೆ ತಾನಿದ್ದ ರೈತನೂ ಕಬ್ಬಿನ ತೋಟದ ಲೆಕ್ಕಪುಸ್ತಕದೊಳಗೇ ಇದ್ದ. ಆ ವರ್ತಕರಲ್ಲಿ, ಆ ರೈತರಲ್ಲಿ ಬಹುಮಂದಿ ಲೇಯ ಮತಬಾಂಧವರಾದ ಕ್ವೇಕರರು.

ಕ್ವೇಕರರದು 17ನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮೊದಲಾದವರಿಂದ ಹುಟ್ಟಿದ ಪಂಥ. ಪ್ರತಿಯೊಬ್ಬರ ಒಳಗೂ ದೇವರ ಬೆಳಕಿದೆ, ನಡುವೆ ಪುರೋಹಿತನ ಅಗತ್ಯವಿಲ್ಲ ಎಂಬುದು ಅವರ ಮೂಲ ನಂಬಿಕೆ. ಅವರ ಪ್ರಾರ್ಥನಾಸಭೆ ಮೌನದಲ್ಲಿ ನಡೆಯುತ್ತಿತ್ತು. ಒಳಗಿನಿಂದ ಪ್ರೇರಣೆಯಾದವರು, ಗಂಡಾಗಲಿ ಹೆಣ್ಣಾಗಲಿ, ಎದ್ದು ಮಾತಾಡುತ್ತಿದ್ದರು. ನ್ಯಾಯಾಧೀಶನ ಮುಂದೆಯೂ ಟೋಪಿ ತೆಗೆಯುತ್ತಿರಲಿಲ್ಲ. ಹಿರಿಯ ಅಧಿಕಾರಿಯನ್ನೂ ಏಕವಚನದಲ್ಲಿಯೇ ಸಂಬೋಧಿಸುತ್ತಿದ್ದರು. ದೊಡ್ಡವರಿಗೆ ‘ನೀವು’, ಚಿಕ್ಕವರಿಗೆ ‘ನೀನು’ ಎನ್ನುವ ಭಾಷೆಯನ್ನಾಡುವ ಕನ್ನಡಿಗರಿಗೆ ಇದರ ತೀಕ್ಷ್ಣತೆ ಇಂದಿನ ಇಂಗ್ಲಿಷ್ ಓದುಗನಿಗಿಂತ ಬೇಗ ತಿಳಿದೀತು. ಯುದ್ಧವನ್ನೂ ಆಣೆಪ್ರಮಾಣವನ್ನೂ ಅವರು ಒಪ್ಪುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ಸೆರೆಮನೆ ಕಂಡ ಈ ಜನಕ್ಕೆ ವಿಲಿಯಂ ಪೆನ್ ಎಂಬ ಶ್ರೀಮಂತ ಕ್ವೇಕರನಿಗೆ ದೊರೆತ ಪೆನ್ಸಿಲ್ವೇನಿಯ ಆಶ್ರಯವಾಯಿತು. 1682ರಲ್ಲಿ ಫಿಲಡೆಲ್ಫಿಯಾ ಸ್ಥಾಪನೆಯಾಯಿತು. ‘ಸೋದರಪ್ರೇಮ’ ಎಂಬುದು ಆ ಹೆಸರಿನ ಅರ್ಥ. ಸ್ಥಾಪಕ ಪೆನ್ ತಾನೇ ಗುಲಾಮರನ್ನು ಇಟ್ಟುಕೊಂಡಿದ್ದ.

ವಿರೋಧದ ದನಿ ಇರಲಿಲ್ಲವೆಂದಲ್ಲ. 1688ರಲ್ಲಿ ಜರ್ಮನ್‌ಟೌನ್ ಎಂಬಲ್ಲಿ ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್ ಮತ್ತು ಇನ್ನು ಮೂವರು ಗುಲಾಮಗಿರಿಯನ್ನು ಖಂಡಿಸಿ ಒಂದು ಮನವಿ ಬರೆದರು. ಸ್ಥಳೀಯ ಸಭೆ ಅದನ್ನು ಮೇಲಿನ ಸಭೆಗೆ ಕಳುಹಿಸಿತು, ಅದು ಇನ್ನೂ ಮೇಲಿನದಕ್ಕೆ. ವಿಷಯ ಬಹಳ ಭಾರವಾದುದು ಎಂಬ ಷರಾದೊಂದಿಗೆ ಮನವಿ ಮೂಲೆಗೆ ಸೇರಿತು. ಕಡತ ಮೇಲಕ್ಕೆ ಕಳುಹಿಸಿ ಕೈತೊಳೆದುಕೊಳ್ಳುವ ವಿದ್ಯೆ ಇಂದಿನ ಕಚೇರಿಗಳ ಆವಿಷ್ಕಾರವಲ್ಲ.

ಲೇ ಹುಟ್ಟಿದ್ದೂ ಅದೇ 1682ರಲ್ಲಿ, ಇಂಗ್ಲೆಂಡಿನ ಕೋಲ್ಚೆಸ್ಟರ್ ಬಳಿಯ ಕಾಪ್‌ಫರ್ಡ್ ಗ್ರಾಮದಲ್ಲಿ. ಕುರಿ ಕಾದ, ಕೈಗವಸು ಹೊಲಿಯುವ ಕಸುಬು ಕಲಿತ, ಅದನ್ನು ಬಿಟ್ಟು ನಾವಿಕನಾಗಿ ಹತ್ತಾರು ವರ್ಷ ಸಮುದ್ರದ ಮೇಲೆ ಕಳೆದ. ತನ್ನಂತೆಯೇ ಕುಳ್ಳಿಯೂ ಗೂನುಬೆನ್ನಿನವಳೂ ಆಗಿದ್ದ, ಸಭೆಗಳಲ್ಲಿ ಉಪದೇಶ ಮಾಡುತ್ತಿದ್ದ ಸಾರಾ ಸ್ಮಿತ್‌ಳನ್ನು ಮದುವೆಯಾದ. 1718ರಲ್ಲಿ ದಂಪತಿಗಳು ಬಾರ್ಬಡೋಸಿಗೆ ಹೋಗಿ ಬ್ರಿಜ್‌ಟೌನಿನಲ್ಲಿ ಅಂಗಡಿ ಇಟ್ಟರು. ಹಸಿದ ಗುಲಾಮರು ಅಂಗಡಿಯ ಹೊರಗೆ ಎಸೆದ ಕೊಳೆತ ಪದಾರ್ಥಕ್ಕೂ ಮುಗಿಬೀಳುವುದನ್ನು ಅವರು ಅಲ್ಲಿ ಕಂಡರು. ಅವರಿಗೆ ಪರಿಚಯವಿದ್ದ, ಪೀಪಾಯಿ ಮಾಡುವ ಒಬ್ಬ ಗುಲಾಮನನ್ನು ಅವನ ಯಜಮಾನ ಪ್ರತಿ ಸೋಮವಾರ ಬೆಳಿಗ್ಗೆ ಚಾಟಿಯಿಂದ ಹೊಡೆಯುತ್ತಿದ್ದ. ಇನ್ನೊಂದು ಸೋಮವಾರವನ್ನು ತಾಳಲಾರದೆ ಅವನು ಒಂದು ಭಾನುವಾರ ರಾತ್ರಿ ಪ್ರಾಣ ಕಳೆದುಕೊಂಡ. ಒಂದೂವರೆ ವರ್ಷದಲ್ಲಿ ದಂಪತಿಗಳು ದ್ವೀಪ ಬಿಟ್ಟರು. ತಾನೂ ಆ ದ್ವೀಪದಲ್ಲಿ ಸರಕು ಮಾರಿ ಲಾಭ ಪಡೆದವನೆಂಬುದನ್ನು ಲೇ ಮರೆಯಲಿಲ್ಲ. ಮುಂದಿನ ಬದುಕಿನ ಉಗ್ರತೆಗೆ ಮೂಲವನ್ನು ಇಲ್ಲಿ ಹುಡುಕುವುದೇ ಸರಿ. ಆತನ ದೇಹದ ಆಕಾರದಲ್ಲಿ ಅಥವಾ ಸ್ವಭಾವದ ವೈಚಿತ್ರ್ಯದಲ್ಲಿ ಹುಡುಕಿದ ಹಳೆಯ ಚರಿತ್ರಕಾರರು ಸೋಮಾರಿಗಳೆನ್ನಬೇಕು.

1732ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದ ಲೇ ಅಲ್ಲಿಯ ಕ್ವೇಕರ್ ಹಿರಿಯರ ಮನೆಗಳಲ್ಲಿಯೇ ಗುಲಾಮರನ್ನು ಕಂಡ. 1738ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಬರ್ಲಿಂಗ್‌ಟನ್ನಿನಲ್ಲಿ ವಾರ್ಷಿಕ ಮಹಾಸಭೆ ಕೂಡಿದಾಗ ದೊಡ್ಡ ಮೇಲಂಗಿ ಹೊದ್ದು ಒಳಹೊಕ್ಕ. ತನ್ನ ಸರದಿ ಬಂದಾಗ ಮೇಲಂಗಿಯನ್ನು ಕಳಚಿದ. ಒಳಗೆ ಸೈನಿಕನ ಉಡುಪು, ಸೊಂಟದಲ್ಲಿ ಕತ್ತಿ. ಶಸ್ತ್ರವನ್ನು ಮುಟ್ಟದ ಪಂಥದ ಸಭೆಯಲ್ಲಿ ಇದೇ ಸಾಕಷ್ಟು ಆಘಾತ. ಕೈಯಲ್ಲಿ ಒಂದು ದಪ್ಪ ಪುಸ್ತಕವಿತ್ತು. ಅದರ ಹಾಳೆಗಳನ್ನು ಕೊರೆದು, ಕಾಡುಹಣ್ಣಿನ ಕೆಂಪು ರಸ ತುಂಬಿದ ಪ್ರಾಣಿಯ ಮೂತ್ರಕೋಶವೊಂದನ್ನು ಒಳಗೆ ಅಡಗಿಸಿದ್ದ. ಸಹಜೀವಿಗಳನ್ನು ಗುಲಾಮರನ್ನಾಗಿ ಇಟ್ಟುಕೊಂಡವರ ರಕ್ತವನ್ನು ದೇವರು ಹೀಗೆಯೇ ಹರಿಸುವನೆಂದು ಸಾರಿ ಕತ್ತಿಯನ್ನು ಪುಸ್ತಕದೊಳಕ್ಕೆ ಇರಿದ. ರಸ ಆತನ ತೋಳಿನಗುಂಟ ಹರಿದು ಪಕ್ಕದಲ್ಲಿದ್ದವರ ಮೇಲೂ ಸಿಡಿಯಿತು. ಆತನನ್ನು ಹೊರಗೆ ಹೊತ್ತೊಯ್ಯಲಾಯಿತು. ಪಂಥ ಆತನನ್ನು ಬಹಿಷ್ಕರಿಸಿತು.

ಗುಲಾಮರನ್ನು ಇಟ್ಟುಕೊಂಡವರೆಲ್ಲ ಧರ್ಮಭ್ರಷ್ಟರೆಂದು ಸಾರುವ ಆತನ ಪುಸ್ತಕ ಅದಕ್ಕೆ ಒಂದು ವರ್ಷ ಮುಂಚೆ, 1737ರಲ್ಲಿ ಹೊರಬಂದಿತ್ತು. ಮುದ್ರಿಸಿದವನು ಬೆಂಜಮಿನ್ ಫ್ರಾಂಕ್ಲಿನ್. ಆದರೆ ಮುದ್ರಕನ ಹೆಸರನ್ನು ಪುಸ್ತಕದ ಮೇಲೆ ಹಾಕಲಿಲ್ಲ. ಫ್ರಾಂಕ್ಲಿನನ ಪತ್ರಿಕೆ ‘ಪೆನ್ಸಿಲ್ವೇನಿಯ ಗೆಜೆಟ್’ ಅದೇ ಕಾಲದಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳನ್ನೂ ಮುದ್ರಿಸುತ್ತಿತ್ತು. ಆತನ ಮನೆಯಲ್ಲಿಯೂ ಗುಲಾಮರಿದ್ದರು. ಜೀವನದ ಕೊನೆಯ ವರ್ಷಗಳಲ್ಲಿ ಗುಲಾಮಗಿರಿ ನಿರ್ಮೂಲನ ಸಂಘದ ಅಧ್ಯಕ್ಷನಾದುದೂ ಅದೇ ಫ್ರಾಂಕ್ಲಿನ್. ಒಂದೇ ಅಚ್ಚಿನ ಮೊಳೆಗಳು ಎರಡು ಬಗೆಯ ಕೆಲಸಕ್ಕೂ ಒದಗಿದವು ಎನ್ನುವುದು ಮುದ್ರಣದ ಇತಿಹಾಸವನ್ನು ಓದುವವರು ಗಮನಿಸಬೇಕಾದ ಸಂಗತಿ.

ಊರ ಹೊರಗೆ ಆಬಿಂಗ್‌ಟನ್ ಬಳಿ ಲೇ ಗುಹೆಯಂತಹ ಮನೆಯಲ್ಲಿ ವಾಸಿಸಿದ. ಒಳಗೆ ಸುಮಾರು ಇನ್ನೂರು ಪುಸ್ತಕಗಳಿದ್ದವು. ಹೊರಗೆ ತರಕಾರಿ ತೋಟ, ಸೇಬಿನ ಮರಗಳು, ಜೇನುಗೂಡುಗಳು. ಅಗಸೆ ನಾರನ್ನು ನೂತು ಬಟ್ಟೆ ಮಾಡಿಕೊಂಡ, ಪ್ರಾಣಿಯನ್ನು ಕೊಂದು ಪಡೆದುದನ್ನು ತಿನ್ನಲಿಲ್ಲ, ಕುದುರೆ ಏರದೆ ಎಲ್ಲೆಡೆಗೂ ನಡೆದೇ ಹೋದ, ಸಕ್ಕರೆಯನ್ನು ಮುಟ್ಟಲಿಲ್ಲ. ಈ ಸಸ್ಯಾಹಾರದ ಹಿಂದೆ ಥಾಮಸ್ ಟ್ರಯಾನ್ ಎಂಬ ಇಂಗ್ಲಿಷ್ ಲೇಖಕನ ಪ್ರಭಾವವಿದೆ. ಟ್ರಯಾನ್ ತಾನೂ ಬಾರ್ಬಡೋಸಿನಲ್ಲಿ ಇದ್ದು ಬಂದವನು. 1683ರಲ್ಲಿ ಭಾರತದ ಒಬ್ಬ ಬ್ರಾಹ್ಮಣನಿಗೂ ಒಬ್ಬ ಫ್ರೆಂಚ್ ಗೃಹಸ್ಥನಿಗೂ ನಡೆಯುವ ಸಂವಾದವೊಂದನ್ನು ಕಲ್ಪಿಸಿ ಪ್ರಕಟಿಸಿದ್ದ. ಯುವಕ ಫ್ರಾಂಕ್ಲಿನ್ ಕೂಡ ಟ್ರಯಾನನನ್ನು ಓದಿಯೇ ಕೆಲಕಾಲ ಮಾಂಸ ಬಿಟ್ಟಿದ್ದ. ಪ್ರವಾಸಿಗರ ಬರಹಗಳ ಮೂಲಕ ಯೂರೋಪಿಗೆ ತಲುಪಿದ ಭಾರತದ ಅಹಿಂಸೆಯ ಸುದ್ದಿ ಇಷ್ಟು ಬಳಸುದಾರಿಯಲ್ಲಿ ಪೆನ್ಸಿಲ್ವೇನಿಯದವರೆಗೆ ಬಂದಿತೆನ್ನಬಹುದು. ಇದನ್ನು ಮೀರಿ ಲೇಯನ್ನು ಅಜ್ಞಾತ ಶ್ರಾವಕನನ್ನಾಗಿ ಮಾಡಹೊರಡುವುದು ತರವಲ್ಲ. ಆತನ ಆಧಾರ ಬೈಬಲ್ಲೇ. ಜೈನ ಶ್ರಾವಕಾಚಾರ ತ್ಯಾಜ್ಯವೆಂದ ಮಧುವೇ ಆತನ ಪ್ರಿಯ ಆಹಾರವಾಗಿತ್ತು.

ಲೇಗಿಂತ ಮೂವತ್ತೆಂಟು ವರ್ಷ ಕಿರಿಯನಾದ ಜಾನ್ ವುಲ್ಮನ್ ಬೇರೆಯೇ ಪ್ರಕೃತಿಯವನು. 1720ರಲ್ಲಿ ನ್ಯೂಜೆರ್ಸಿಯ ಕ್ವೇಕರ್ ರೈತರ ಮನೆಯಲ್ಲಿ ಹುಟ್ಟಿದ. ಮೂವತ್ತಾರನೆಯ ವಯಸ್ಸಿನಲ್ಲಿ ಬರೆಯತೊಡಗಿದ ಆತನ ‘ದಿನಚರಿ’ ಮರಣಾನಂತರ 1774ರಲ್ಲಿ ಪ್ರಕಟವಾಯಿತು. ಅಮೆರಿಕದ ಗದ್ಯದ ಶ್ರೇಷ್ಠ ಕೃತಿಗಳಲ್ಲಿ ಇಂದಿಗೂ ಅದನ್ನು ಎಣಿಸುತ್ತಾರೆ. ಹೆಸರು ದಿನಚರಿಯೆಂದಿದ್ದರೂ ಅದು ಆತ್ಮಶೋಧನೆಯ ಚರಿತೆ. ಅದರ ಆರಂಭದಲ್ಲಿಯೇ ಒಂದು ಬಾಲ್ಯದ ಪ್ರಸಂಗವಿದೆ. ಗೂಡಿನ ಸುತ್ತ ಹಾರಾಡುತ್ತಿದ್ದ ಒಂದು ರಾಬಿನ್ ಹಕ್ಕಿಗೆ ಹುಡುಗ ಕಲ್ಲೆಸೆಯುತ್ತಾನೆ. ಹಕ್ಕಿ ಸತ್ತು ಬೀಳುತ್ತದೆ. ಮೊದಲು ಸಂತೋಷ, ಮರುಕ್ಷಣ ಭಯ. ತಾಯಿಯಿಲ್ಲದೆ ಮರಿಗಳು ನರಳಿ ಸಾಯುವುವೆಂದು ತಿಳಿದು ಮರವೇರಿ ಅವನ್ನೂ ಕೊಲ್ಲುತ್ತಾನೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪವೇ ಭವಭವಗಳ ದುಃಖಕ್ಕೆ ಬೀಜವಾಗುವುದನ್ನು ಓದಿದವರು ಈ ಪುಟದ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಜನ್ನನಲ್ಲಿ ಕರ್ಮದ ಸರಪಳಿ ಜನ್ಮಾಂತರಗಳಿಗೆ ಹಬ್ಬಿದರೆ, ವುಲ್ಮನ್ನನಲ್ಲಿ ಒಂದೇ ಜನ್ಮದ ಉದ್ದಕ್ಕೂ ಒಂದು ಅಳುಕಾಗಿ ಉಳಿಯುತ್ತದೆ.

ಇಪ್ಪತ್ತೆರಡರ ಆಸುಪಾಸಿನಲ್ಲಿ ಆತ ಒಂದು ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಯಜಮಾನ ತನ್ನಲ್ಲಿದ್ದ ಒಬ್ಬ ಕಪ್ಪು ಹೆಂಗಸನ್ನು ಮಾರಿ, ಕ್ರಯಪತ್ರ ಬರೆದುಕೊಡೆಂದು ಹೇಳಿದ. ಕೊಳ್ಳಲು ಬಂದ ಕ್ವೇಕರ್ ಹಿರಿಯ ಎದುರಿಗೇ ಕಾದು ನಿಂತಿದ್ದ. ಯಜಮಾನನ ಆಜ್ಞೆ, ಕೊಳ್ಳುವವನೂ ಸಾತ್ವಿಕ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ವುಲ್ಮನ್ ಬರೆದುಕೊಟ್ಟ. ಆದರೆ ಇದು ಕ್ರೈಸ್ತಧರ್ಮಕ್ಕೆ ಒಪ್ಪುವ ಕೆಲಸವಲ್ಲವೆಂದು ಅವರಿಬ್ಬರ ಎದುರಿಗೇ ನುಡಿದ. ನುಡಿದ ಮಾತ್ರಕ್ಕೆ ನೆಮ್ಮದಿಯಾಗಲಿಲ್ಲ. ಬರೆಯಲಾರೆನೆಂದು ಹೇಳಬೇಕಿತ್ತೆಂಬುದು ಕೊನೆಯವರೆಗೆ ಕಾಡಿತು. ಮುಂದೆ ಇಂತಹ ಪತ್ರಗಳನ್ನು ಬರೆಯಲಿಲ್ಲ. ಕಾಯಿಲೆಯ ನೆರೆಯವನೊಬ್ಬ ಉಯಿಲು ಬರೆಸಲು ಕರೆದಾಗ ಆಸ್ತಿಯ ಉಳಿದ ಭಾಗವನ್ನೆಲ್ಲ ಬರೆದು, ಗುಲಾಮಳನ್ನು ಮಗುವೊಂದಕ್ಕೆ ಬಿಟ್ಟುಕೊಡುವ ವಾಕ್ಯವನ್ನು ಮಾತ್ರ ಬರೆಯದೆ ಎದುರಿಗಿಟ್ಟ. ಸ್ವಲ್ಪ ಮಾತುಕತೆಯ ನಂತರ ರೋಗಿ ಅವಳನ್ನು ಬಿಡುಗಡೆ ಮಾಡಲು ಒಪ್ಪಿದ. ಗುಲಾಮಗಿರಿ ಚಾಟಿಯಿಂದ ನಡೆದಷ್ಟೇ ಬರವಣಿಗೆಯಿಂದಲೂ ನಡೆಯುತ್ತಿತ್ತು. ಕ್ರಯಪತ್ರ, ಉಯಿಲು, ಜಾಹೀರಾತು, ಹಡಗಿನ ಸರಕುಪಟ್ಟಿ ಇವುಗಳಿಲ್ಲದೆ ಒಬ್ಬ ಮನುಷ್ಯ ಇನ್ನೊಬ್ಬನ ಸೊತ್ತಾಗಲಾರ. ಲೇಖನಿ ಹಿಡಿದವನು ಕೈಯೆತ್ತಿದರೆ ಏನಾಗುತ್ತದೆಂಬುದನ್ನು ವುಲ್ಮನ್ ಗದ್ದಲವಿಲ್ಲದೆ ತೋರಿಸಿದ.

ಮೌಂಟ್ ಹಾಲಿಯಲ್ಲಿ ಆತ ದರ್ಜಿಯ ಕಸುಬಿನ ಜೊತೆಗೆ ಅಂಗಡಿಯನ್ನೂ ನಡೆಸುತ್ತಿದ್ದ. ವ್ಯಾಪಾರ ಬೆಳೆಯತೊಡಗಿದಾಗ ಅದರ ಭಾರವೇ ಬೇಡವೆಂದು ಅಂಗಡಿಯನ್ನು ಕೈಬಿಟ್ಟು ಹೊಲಿಗೆ ಮತ್ತು ಹಣ್ಣಿನ ತೋಟಕ್ಕೆ ಬದುಕನ್ನು ಇಳಿಸಿಕೊಂಡ. ಧರ್ಮಯಾತ್ರೆಗಳಲ್ಲಿ ವರ್ಜೀನಿಯ, ಕ್ಯಾರೊಲೈನಾಗಳ ಗುಲಾಮ ಒಡೆಯರ ಮನೆಯಲ್ಲಿ ಉಳಿಯಬೇಕಾದಾಗ ತನ್ನ ಸೇವೆ ಮಾಡಿದ ಗುಲಾಮರಿಗೆ ಕೊಡಲೆಂದು ಹಣ ಕೊಡುತ್ತಿದ್ದ. ಪುಕ್ಕಟೆ ದುಡಿಮೆಯ ಆತಿಥ್ಯ ಆತನಿಗೆ ದಕ್ಕುತ್ತಿರಲಿಲ್ಲ. 1760ರ ದಶಕದ ಆರಂಭದಲ್ಲಿ ಬಣ್ಣ ಹಾಕಿದ ಬಟ್ಟೆಯನ್ನೂ ತ್ಯಜಿಸಿದ. ಬಣ್ಣ ಕೊಳೆಯನ್ನು ಮುಚ್ಚುತ್ತದೆಯೇ ಹೊರತು ತೊಳೆಯುವುದಿಲ್ಲ, ಬಟ್ಟೆಯನ್ನೂ ಕೆಡಿಸುತ್ತದೆ ಎಂಬುದು ಆತ ಕೊಟ್ಟ ಕಾರಣ. ಆ ಕಾಲಕ್ಕೆ ದಕ್ಷಿಣ ಕ್ಯಾರೊಲೈನಾದಲ್ಲಿ ನೀಲಿ ಗುಲಾಮರ ದುಡಿಮೆಯ ದೊಡ್ಡ ಬೆಳೆಯಾಗಿತ್ತೆಂಬುದನ್ನೂ ಇದರೊಂದಿಗೆ ನೆನೆಯಬೇಕು. ಈ ತ್ಯಾಗದಲ್ಲಿ ಒಂದು ಹಾಸ್ಯವೂ ಸೇರಿಕೊಂಡಿತು. ಆತ ಬಣ್ಣವಿಲ್ಲದ ಬಿಳಿಯ ಟೋಪಿಯನ್ನು ಧರಿಸಿದ ಹೊತ್ತಿಗೆ ಶೋಕಿಲಾಲರಲ್ಲಿ ಬಿಳಿಯ ಟೋಪಿಯದೇ ಚಾಲ್ತಿ ಬಂದಿತ್ತು. ವುಲ್ಮನ್ ಕೂಡ ಶೋಕಿಗೆ ಬಿದ್ದನೆಂದು ಕೆಲವರು ದೂರವಾದರು. ತನ್ನ ಈ ಪೇಚನ್ನು ಆತನೇ ದಿನಚರಿಯಲ್ಲಿ ದಾಖಲಿಸಿದ್ದಾನೆ.

1758ರ ಫಿಲಡೆಲ್ಫಿಯಾ ವಾರ್ಷಿಕ ಮಹಾಸಭೆ ಗುಲಾಮರನ್ನು ಕೊಳ್ಳುವ, ಮಾರುವ ಸದಸ್ಯರನ್ನು ಪಂಥದ ಕಾರ್ಯಕಲಾಪಗಳಿಂದ ದೂರವಿಡಲು ನಿರ್ಣಯಿಸಿತು. ಒಡೆಯರ ಮನೆಮನೆಗೆ ಹೋಗಿ ಮನವೊಲಿಸಲು ನೇಮಕವಾದವರಲ್ಲಿ ವುಲ್ಮನ್ ಒಬ್ಬ. ಸುದ್ದಿ ಕೇಳಿದ ಲೇ, ಇನ್ನು ನೆಮ್ಮದಿಯಿಂದ ಸಾಯಬಲ್ಲೆನೆಂದನಂತೆ. ಮರುವರ್ಷ ಫೆಬ್ರವರಿಯಲ್ಲಿ ತೀರಿಕೊಂಡ. ಗುಲಾಮರನ್ನು ಇಟ್ಟುಕೊಳ್ಳುವುದನ್ನೇ ಪಂಥ ನಿಷೇಧಿಸಿದ್ದು 1776ರಲ್ಲಿ. ಇಬ್ಬರಲ್ಲಿ ಯಾರಿಂದ ಹೆಚ್ಚು ಕೆಲಸವಾಯಿತೆಂದು ಕೇಳುವವರಿದ್ದಾರೆ. ವುಲ್ಮನ್ನನ ಮೃದುಮಾತನ್ನು ಹೊಗಳಿ ಲೇಯನ್ನು ಹುಚ್ಚನೆಂದು ಬದಿಗೆ ಸರಿಸುವುದು ಎರಡು ಶತಮಾನಗಳ ರೂಢಿ. ಆದರೆ ಮೊದಲು ಒಬ್ಬ ಬಾಗಿಲನ್ನು ಗುದ್ದಿದ್ದರಿಂದಲೇ ಎರಡನೆಯವನ ತಟ್ಟುವಿಕೆ ಒಳಗಿದ್ದವರಿಗೆ ಸಭ್ಯವಾಗಿ ಕೇಳಿಸಿತು.

ಉಮಾಸ್ವಾತಿ ಆಚಾರ್ಯರ ‘ತತ್ತ್ವಾರ್ಥಸೂತ್ರ’ ಅಹಿಂಸಾಣುವ್ರತದ ಅತಿಚಾರಗಳನ್ನು ಹೇಳುವಾಗ ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಕತ್ತರಿಸುವುದು, ಮಿತಿಮೀರಿ ಭಾರ ಹೊರಿಸುವುದು, ಅನ್ನನೀರು ತಡೆಯುವುದು ಎಂದು ಐದನ್ನು ಎಣಿಸುತ್ತದೆ. ಬಾರ್ಬಡೋಸಿನ ತೋಟಗಳ ವರ್ಣನೆಗೆ ಇದಕ್ಕಿಂತ ಹೆಚ್ಚಿನ ಮಾತು ಬೇಡ. ಅಷ್ಟೇ ಪ್ರಾಮಾಣಿಕವಾಗಿ ಹೇಳಬೇಕಾದ ಇನ್ನೊಂದು ಮಾತಿದೆ: ಅದೇ ಗ್ರಂಥ ಪರಿಗ್ರಹ ಪರಿಮಾಣದ ಪ್ರಸಂಗದಲ್ಲಿ ಹೊಲ, ಮನೆ, ಚಿನ್ನ, ಧಾನ್ಯಗಳ ಸಾಲಿನಲ್ಲಿಯೇ ದಾಸಿದಾಸರನ್ನೂ ಸೇರಿಸುತ್ತದೆ. ಅವರ ಸಂಖ್ಯೆಗೆ ಮಿತಿ ಹಾಕಿಕೊಳ್ಳಬೇಕೆಂಬುದು ಅಲ್ಲಿಯ ಕಟ್ಟಳೆ. ದಾಸ್ಯವೇ ಕೂಡದೆಂಬ ಮಾತು ಆ ಸೂತ್ರದಲ್ಲಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯ ಹೊಣೆಯನ್ನು ಸೂಕ್ಷ್ಮವಾಗಿ ಬಿಡಿಸಿದ ಪರಂಪರೆಯೂ ತನ್ನ ಕಾಲದ ಮನೆಯೊಳಗಿನ ದಾಸಿಯನ್ನು ಸೊತ್ತೆಂದೇ ಕಂಡಿತ್ತು. ಕ್ವೇಕರರನ್ನು ಬೆರಳು ತೋರಿಸಿ ಓದುವವರು ಈ ಸೂತ್ರವನ್ನೂ ತೆರೆದಿಟ್ಟುಕೊಳ್ಳುವುದು ಒಳ್ಳೆಯದು.

ಇಂದು ಅಮೆರಿಕದಲ್ಲಿ ಈ ಕಾಲವನ್ನು ನೋಡಬಯಸುವವರಿಗೆ ‘ಜೀವಂತ ಇತಿಹಾಸ’ದ ತಾಣಗಳಿವೆ. ವರ್ಜೀನಿಯದ ಹಳೆಯ ರಾಜಧಾನಿ ವಿಲಿಯಮ್ಸ್‌ಬರ್ಗನ್ನು ಗುಡ್ವಿನ್ ಎಂಬ ಪಾದ್ರಿಯ ಒತ್ತಾಸೆಯಿಂದ, ಎರಡನೆಯ ಜಾನ್ ರಾಕ್‌ಫೆಲರನ ಹಣದಿಂದ 1926ರಿಂದ ಮರುನಿರ್ಮಿಸಲಾಯಿತು. ಅಲ್ಲಿ ಕಮ್ಮಾರ ಹಳೆಯ ಪದ್ಧತಿಯಲ್ಲಿಯೇ ಕಬ್ಬಿಣ ಕಾಯಿಸುತ್ತಾನೆ, ಮುದ್ರಕ ಮೊಳೆ ಜೋಡಿಸುತ್ತಾನೆ, ಬಣ್ಣಗಾರರು ನೀಲಿಯಲ್ಲಿ ನೂಲು ಅದ್ದುತ್ತಾರೆ. ಕ್ರಾಂತಿಯ ಹೊತ್ತಿಗೆ ಆ ಊರಿನ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಪ್ಪುಜನರು. ಆದರೂ ಅವರ ಬದುಕನ್ನು ಅಭಿನಯಿಸಿ ತೋರಿಸುವ ಪ್ರಯತ್ನ ಆರಂಭವಾದುದು 1979ರಲ್ಲಿ. ಅರ್ಧ ಶತಮಾನ ಆ ಊರು ಅರ್ಧ ಊರಾಗಿಯೇ ನಿಂತಿತ್ತು. 1994ರ ಅಕ್ಟೋಬರಿನಲ್ಲಿ ಗುಲಾಮರ ಹರಾಜೊಂದನ್ನು ಬೀದಿಯಲ್ಲಿ ಅಭಿನಯಿಸಿದಾಗ ದೊಡ್ಡ ವಿವಾದವೆದ್ದಿತು. ಕಪ್ಪುಜನರ ಸಂಘಟನೆಗಳೇ ನೋವಿನ ಪ್ರದರ್ಶನ ಸಲ್ಲದೆಂದವು. ಕಾರ್ಯಕ್ರಮದ ಹೊಣೆ ಹೊತ್ತಿದ್ದ ಕ್ರಿಸ್ಟಿ ಕೋಲ್ಮನ್ ಸ್ವತಃ ಹರಾಜಾಗುವ ಗರ್ಭಿಣಿಯ ಪಾತ್ರ ವಹಿಸಿದರು. ಮ್ಯಾಸಚೂಸೆಟ್ಸಿನ ಪ್ಲಿಮತ್‌ನಲ್ಲಿ 1947ರಲ್ಲಿ ಸ್ಥಾಪನೆಯಾದ ಇನ್ನೊಂದು ತಾಣದಲ್ಲಿ ಬೇರೊಂದು ಕ್ರಮವಿದೆ. ಇಂಗ್ಲಿಷ್ ವಲಸಿಗರ ಪಾತ್ರಧಾರಿಗಳು 17ನೆಯ ಶತಮಾನದವರಂತೆಯೇ ಮಾತಾಡುತ್ತಾರೆ. ಮೂಲನಿವಾಸಿ ವಾಂಪನೋಗ್ ನೆಲೆಯಲ್ಲಿರುವವರು ಪಾತ್ರ ವಹಿಸುವುದಿಲ್ಲ, ತಾವು ಇಂದಿನವರಾಗಿಯೇ ನಿಂತು ತಮ್ಮ ಹಿರಿಯರ ವಿಷಯ ಹೇಳುತ್ತಾರೆ.

ಇಂತಹ ತಾಣಗಳ ಶಕ್ತಿಯಿರುವುದು ವಸ್ತುಗಳಲ್ಲಿ. ಬಟ್ಟಲು, ಮಗ್ಗ, ಬೆಳ್ಳಿಯ ಚಮಚ, ನೀಲಿಯ ಬಾನಿ ಎಲ್ಲವನ್ನೂ ತೋರಿಸಬಹುದು. ಬೇಡವೆಂದದ್ದನ್ನು ತೋರಿಸುವುದು ಕಷ್ಟ. ಸಕ್ಕರೆಯಿಲ್ಲದ ಬಟ್ಟಲನ್ನು ಕಪಾಟಿನಲ್ಲಿ ಇಟ್ಟರೆ ಅದು ಬರಿಯ ಬಟ್ಟಲು; ಬರೆಯದೆ ಬಿಟ್ಟ ಕ್ರಯಪತ್ರಕ್ಕೆ ಪ್ರದರ್ಶನದ ಗಾಜುಪೆಟ್ಟಿಗೆಯಿಲ್ಲ. ಲೇಯಂತಹವರು ಬಹುಕಾಲ ಸಂಗ್ರಹಾಲಯಗಳಿಂದ ಜಾರಿಹೋದುದಕ್ಕೆ ಇದೂ ಒಂದು ಕಾರಣವಿರಬೇಕು. ಆತನ ಬಗ್ಗೆ ಮಾರ್ಕಸ್ ರೆಡಿಕರ್ ಬರೆದ ಸಮಗ್ರ ಚರಿತ್ರೆ ಬಂದದ್ದು 2017ರಲ್ಲಿ; ಅದೇ ಲೇಖಕ ನಾಟಕಕಾರ್ತಿ ನವೋಮಿ ವ್ಯಾಲೇಸ್ ಜೊತೆ ರಚಿಸಿದ ನಾಟಕ 2023ರಲ್ಲಿ ಲಂಡನ್ನಿನ ರಂಗದ ಮೇಲೆ ಬಂತು. ಸತ್ತ ಲೇ ಮರಳಿ ಬಂದು ಬಹಿಷ್ಕಾರವನ್ನು ಹಿಂತೆಗೆಯುವಂತೆ ಕ್ವೇಕರ್ ಸಭೆಯನ್ನು, ಎಂದರೆ ಪ್ರೇಕ್ಷಕರನ್ನು, ಕೇಳುವುದು ಅದರ ವಸ್ತು.

ವುಲ್ಮನ್ 1772ರಲ್ಲಿ ಇಂಗ್ಲೆಂಡಿಗೆ ಹೋದ. ಹಡಗಿನ ಮೇಲಿನ ಕೋಣೆಯ ಅಲಂಕಾರದ ಕೆತ್ತನೆಗೆ ತನ್ನ ಹಣ ಸೇರಬಾರದೆಂದು ಕೆಳಗಿನ ಅಂತಸ್ತಿನಲ್ಲಿ ನಾವಿಕರ ನಡುವೆ ಪ್ರಯಾಣ ಮಾಡಿದ. ಅಲ್ಲಿ ಕುದುರೆಗಳು ಬಸವಳಿದು ಸಾಯುವಂತೆ ಓಡಿಸುವುದನ್ನು ಕೇಳಿ ಸಾರೋಟು ಹತ್ತದೆ ನಡೆದೇ ಯಾರ್ಕ್ ಸೇರಿದ. ಅಲ್ಲಿ ಸಿಡುಬಿನಿಂದ ತೀರಿಕೊಂಡ. ಶವಪೆಟ್ಟಿಗೆ ಸಾದಾ ಮರದ್ದಾಗಿರಲಿ, ಅದರ ಖರ್ಚಿಗೆ ತನ್ನ ಉಡುಪನ್ನು ಮಾರಿಕೊಳ್ಳಲಿ ಎಂದು ಮೊದಲೇ ಹೇಳಿಟ್ಟಿದ್ದ. ಲೇಯನ್ನು ಆಬಿಂಗ್‌ಟನ್ ಸಭಾಗೃಹದ ಪಕ್ಕದ ಹುಲ್ಲಿನಲ್ಲಿ ಗುರುತಿನ ಕಲ್ಲಿಲ್ಲದೆ ಹೂಳಿದ್ದರು. 2018ರಲ್ಲಿ ಅಲ್ಲಿಯ ಸಭೆ ಬೆಂಜಮಿನ್ ಮತ್ತು ಸಾರಾ ಇಬ್ಬರ ಹೆಸರಿನ ಸಣ್ಣ ಕಲ್ಲೊಂದನ್ನು ನೆಟ್ಟಿತು.